ಸದ್ದಿಲ್ಲದ ಕುಟ್ಟಾಣಿ

ಗೆಳೆಯರೇ, ಟೈಪ್ ಮಾಡಲು ಬಾರದೆ ಹಾಳೆಯಲ್ಲಿ ಬರೆದು ಫೋಟೊ ಹಾಕಿದ್ದೇನೆ. ಐದನೇ ಕ್ಲಾಸಿನವಳ ಅಕ್ಷರ, ಕಾಗುಣಿತ ಎರಡನ್ನೂ ಕ್ಷಮಿಸಿ.

ಮನೆಯ ಕಿರಿಕಿರಿಯಲ್ಲೇ ಹೊಸ ಸಾಧನ ಹುಟ್ಟುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರು. ನನ್ನ ಕಿರಿಕಿರಿ ಅಜ್ಜಿಯ ಕುಟ್ಟಾಣಿ. ಹಲ್ಲಿಲ್ಲದ ಅಜ್ಜಿ ಬೆಳಗ್ಗೆ ಐದಕ್ಕೇ ಜಗಲಿಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಾಳೆ. ನಿನ್ನೆ ಕುಟ್ಟಾಣಿಯ ತಳಕ್ಕೆ ಹವಾಯಿ ಚಪ್ಪಲಿಯ ತುಂಡು ಅಂಟಿಸಿ, ಮೈಗೆ ಹಳೆಯ ಸ್ವೆಟರ್ ಸುತ್ತಿದೆ. ಇಂದು ಸದ್ದೇ ಇಲ್ಲ. ಏಳರವರೆಗೆ ಮಲಗಿದೆ.

ಎದ್ದು ಬಂದರೆ ಅಜ್ಜಿಯ ಮುಂದೆ ಕುಟ್ಟಿದ ಎಲೆ ಅಡಿಕೆಯ ಕವಳ ಹಾಗೇ ಇತ್ತು.

"ಸೀತೆ ಬರ್ಲೇ ಇಲ್ಲ ಕಣೇ," ಎಂದಳು.

ಪಕ್ಕದ ಮನೆ ಸೀತಕ್ಕ ಸಾಗರದ ಬಸ್ಸಿಗೆ ಓಡುತ್ತಿದ್ದರು. ಬೇಲಿಯಾಚೆಯಿಂದಲೇ ಕೂಗಿದರು, "ಕುಟ್ಟೋ ಸದ್ದೇ ಇರ್ಲಿಲ್ಲ ಅಜ್ಜೀ! ಮಲಗಿದೀರಿ, ಎಬ್ಬಿಸೋದು ಬ್ಯಾಡ ಅಂತ ಸುಮ್ನಾದೆ!"

ದಿನವೂ ಆ ಸದ್ದು ಕೇಳಿಯೇ ಅವರು ಕವಳಕ್ಕೆ, ಅರ್ಧ ಗಂಟೆ ಮಾತಿಗೆ ಬರುತ್ತಿದ್ದರಂತೆ. ದಿಂಬು ತಲೆ ಮೇಲೆ ಹಾಕಿ ಮಲಗುವ ನನಗೆ ಅದು ಗೊತ್ತೇ ಇರಲಿಲ್ಲ.

"ನಿನ್ನ ಮಿಶನ್ನು ಚೆನ್ನಾಗಿದೆ ಮಾರಾಯ್ತಿ. ಸದ್ದೂ ಇಲ್ಲ, ಜನಾನೂ ಇಲ್ಲ," ಎಂದಳು ಅಜ್ಜಿ.

ನಾನು ಮಾಡಿದ್ದರಲ್ಲಿ ಸರಿಯಾಗಿ ಕೆಲಸ ಮಾಡಿದ ಸಾಧನ ಇದೊಂದೇ.

ಬಸ್ಸು ಹೋಗಿಯಾಗಿತ್ತು. ಆದರೂ ಸ್ವೆಟರ್ ಬಿಚ್ಚಿ, ಚಪ್ಪಲಿ ಕಿತ್ತು, ಅಜ್ಜಿಗೆ ಇನ್ನೊಂದು ಕವಳ ನಾನೇ ಕುಟ್ಟಿಕೊಟ್ಟೆ, ಕೇರಿಗೆಲ್ಲ ಕೇಳುವಂತೆ.