ಒಂದು ಮನೆಗಾದರೂ ಗೊತ್ತಿರಲಿ

ನಮ್ಮನೆಯವರ ಬಲಗೈ ಹೆಬ್ಬೆರಳಿನ ಉಗುರು ಕಪ್ಪಾಗಿ ಸೀಳಿತ್ತು. ಗಾಡಿಯ ಚಕ್ರಕ್ಕೆ ಕಲ್ಲು ಕೊಡುವಾಗ ಒಮ್ಮೆ ಜಜ್ಜಿದ್ದು. ಆ ಸಂಜೆ ಯಲ್ಲಾಪುರದ ಹೊರಗೆ ಅದೇ ಕೈಯಲ್ಲಿ ಕಲ್ಲು ಒತ್ತಿ, ಕಾಲಿನಿಂದ ಒದ್ದು ನೋಡಿದರು. ಎಂದಿನಂಥದೇ ಸಂಜೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಂತೆಗಳಲ್ಲಿ ನಾವು ಸ್ಟೀಲ್ ಪಾತ್ರೆ ಮಾರುತ್ತಿದ್ದೆವು. ಶಿರಸಿ ನಮ್ಮೂರೇ; ಬೇರೆ ಊರಿನ ಸಂತೆಯಲ್ಲಿ ಒಳ್ಳೆಯ ಜಾಗ ಸಿಗಬೇಕೆಂದರೆ ಹಿಂದಿನ ದಿನವೇ ಹೋಗಬೇಕು. ಹಳೆಯ ಮೆಟಡೋರ್ ವ್ಯಾನಿನಲ್ಲೇ, ಪಾತ್ರೆಯ ಮೂಟೆಗಳ ನಡುವೆ, ಮಲಗುತ್ತಿದ್ದೆವು. ಗಾಡಿ ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿ ಅವರದು ಬಹಳ ತಕರಾರು. ಒಣಕೊಂಬೆಯ ಮರ ಬೇಡ. ಇಳಿಜಾರು ಬೇಡ. ಸಾರಾಯಿ ಅಂಗಡಿಯ ಹತ್ತಿರ ಬೇಡವೇ ಬೇಡ. ನಾನು ತೂಕಡಿಸುತ್ತಿದ್ದರೂ ಮತ್ತೆ ಮತ್ತೆ ಗಾಡಿ ತಿರುಗಿಸುತ್ತಿದ್ದರು. "ಹೆಣ್ಣು ನೋಡ್ಲಿಕ್ಕೆ ಬಂದಾಗ ಇಷ್ಟು ನೋಡಿರ್ಲಿಲ್ಲ ನೀವು" ಎಂದರೆ, "ಅದಕ್ಕೇ ಈಗ ನೋಡ್ತಾ ಇರೋದು" ಎಂದು ನಗುತ್ತಿದ್ದರು.

ಜಾಗ ಒಪ್ಪಿಗೆಯಾದ ಮೇಲೆ ಕೊಡ ಹಿಡಿದು ಹತ್ತಿರದ ಮನೆಗೆ ಹೋಗುತ್ತಿದ್ದರು. ಗಾಡಿಯಲ್ಲಿ ಕ್ಯಾನು ತುಂಬ ನೀರಿದ್ದೇ ಇರುತ್ತಿತ್ತು. ನನಗೆ ನಾಚಿಕೆ.

"ನೀರಿಗಲ್ಲ ಮಾರಾಯ್ತಿ. ನಾವಿಲ್ಲಿ ಮಲಗಿದೇವೆ ಅಂತ ಒಂದು ಮನೆಗಾದ್ರೂ ಗೊತ್ತಿರ್ಲಿ."

ಆ ಸಂಜೆಯೂ ಹೋದರು. ಆ ಮನೆಯ ಅಜ್ಜಿ ಕೊಡ ತುಂಬಿಸಿ ಕೊಟ್ಟು, ರಸ್ತೆಗೇ ಬಂದು ಗಾಡಿಯೊಳಗೆ ಇಣುಕಿದರು.

"ಎಂತ ತಮ್ಮಾ, ಸಂಸಾರ ಪೂರಾ ಗಾಡೀಲೇ ಇಟ್ಕಂಡಿದ್ಯಾ?"

"ಹೌದಮ್ಮಾ, ಬಾಡಿಗೆ ಕೇಳೋರಿಲ್ಲ ನೋಡಿ."

"ಹಂಗಾರೆ ಬೆಳಿಗ್ಗೆ ಚಾ ಕುಡ್ಕಂಡೇ ಹೋಗಿ."

ಊಟವಾದ ಮೇಲೆ ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, ಯಾವಾಗಲೂ ಹೇಳುವ ಮಾತು ಹೇಳಿದರು. "ಅಡ್ಡಿಲ್ಲ, ಇನ್ನು ಮಲಗು." ಅದು ಕಿವಿಗೆ ಬಿದ್ದರೆ ಸಾಕು, ನನಗೆ ನಿದ್ದೆ.

ಬೆಳಿಗ್ಗೆ ಕರೆದೆ, ಏಳಲಿಲ್ಲ. ಕೈ ಮುಟ್ಟಿದೆ. ತಣ್ಣಗಿತ್ತು.

ನನ್ನ ಕೂಗಿಗೆ ಮೊದಲು ಓಡಿ ಬಂದವರು ಆ ಅಜ್ಜಿ. ಯಾರು, ಎಲ್ಲಿಯವರು ಎಂದು ಕೇಳಲಿಲ್ಲ. ಮಗನನ್ನು ಡಾಕ್ಟರ ಹತ್ತಿರ ಓಡಿಸಿದರು. ಮಲಗಿದಲ್ಲೇ ಹೃದಯ ನಿಂತಿದೆ ಎಂದರು ಡಾಕ್ಟರು. ನನಗೆ ಅಳು ಬರಲಿಲ್ಲ. ಕೆಳಗಿಳಿದು ಗಾಡಿಯ ಸುತ್ತ ತಿರುಗಿದೆ. ಮೇಲೆ ಕೊಂಬೆ ಇರಲಿಲ್ಲ. ನೆಲ ಸಮವಾಗಿತ್ತು. ಕಲ್ಲು ಕೊಟ್ಟಲ್ಲೇ ಇತ್ತು. ಜಾಗದಲ್ಲಿ ಏನೂ ತಪ್ಪಿರಲಿಲ್ಲ. ಇನ್ನೊಂದು ಸುತ್ತು ಬಂದೆ. ಅಜ್ಜಿ ಕೈ ಹಿಡಿದು ತಮ್ಮ ಜಗುಲಿಯ ಮೇಲೆ ಕೂರಿಸಿದರು, ನಮ್ಮೂರಿನಿಂದ ಜನ ಬರುವವರೆಗೂ ಆ ಕೈ ಬಿಡಲಿಲ್ಲ.

ಗಾಡಿ ಮಾರಿದೆ. ಈಗ ಶಿರಸಿಯ ಮನೆಯಲ್ಲೇ ಮಲಗುತ್ತೇನೆ. ಬಾಗಿಲಿಗೆ ಚಿಲಕವಿದೆ, ಅಕ್ಕಪಕ್ಕದವರಿಗೆಲ್ಲ ನಾನಿರುವುದು ಗೊತ್ತಿದೆ. ಅಡ್ಡಿಲ್ಲ, ಇನ್ನು ಮಲಗು ಎಂದು ಹೇಳುವವರಿಲ್ಲ.