ಶಾಂತಕ್ಕನ ಮುಖದಲ್ಲಿ ಇದ್ದದ್ದು

ನಿನ್ನೆ ಹಾವೇರಿಯ ನಮ್ಮ ಮನೆಯ ಬಾಗಿಲಿಗೆ ಬಣ್ಣ ಹಚ್ಚುವವರು ಬಂದಿದ್ದರು. ಡಬ್ಬಿ ತೆರೆದು ಅಗಸೆ ಎಣ್ಣೆ ಬೆರೆಸತೊಡಗಿದ್ದೇ ತಡ, ಆ ವಾಸನೆ ಅಡುಗೆಮನೆಯಲ್ಲಿದ್ದ ನನ್ನನ್ನು ಎತ್ತಿಕೊಂಡು ಹೋಗಿ ರಾಣೆಬೆನ್ನೂರಿನಲ್ಲಿ ಇಳಿಸಿತು. ನಿಮಗೂ ಹೀಗೆ ಆಗಿರಬೇಕು. ಕೆಲವರು ದನಿಯಿಂದ ನೆನಪಾಗುತ್ತಾರೆ, ಕೆಲವರು ನಡಿಗೆಯಿಂದ. ಗುರುಪಾದಪ್ಪ ಮಾಸ್ತರರು ನನಗೆ ಮೂಗಿನಿಂದಲೇ ನೆನಪಾಗುವವರು.

ಎರಡು ಸಾವಿರದ ಎರಡೋ ಮೂರೋ ಇಸವಿ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನನಗೆ ಆಫೀಸಿನ ಕೆಲಸ ಸಿಕ್ಕಿತ್ತು. ನಮ್ಮೂರು ಬ್ಯಾಡಗಿಯಿಂದ ದಿನಾ ಬಸ್ಸಿನಲ್ಲಿ ಜೋತಾಡಿ ಸಾಕಾಗಿ, ಮಾಸ್ತರರ ಮನೆಯ ಮಾಳಿಗೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ಆಗತಾನೆ ನಿವೃತ್ತರಾಗಿದ್ದರು. ಮನೆಯಲ್ಲಿ ಅವರು ಮತ್ತು ಹೆಂಡತಿ ಶಾಂತಕ್ಕ, ಇಬ್ಬರೇ. ಅಗಸೆ ಎಣ್ಣೆಯ ವಾಸನೆ ಹಿಡಿದ ಪಡಸಾಲೆಯ ಗೋಡೆಯ ಮೇಲೆಲ್ಲ ಅವರು ಎಣ್ಣೆಬಣ್ಣದಲ್ಲಿ ಬರೆದ ಚಿತ್ರಗಳಿದ್ದವು: ಮಾವಿನಹಣ್ಣು, ಮಣ್ಣಿನ ಕೊಡ, ಹೊಳೆ, ಬಂಡೆ, ಬೇವಿನ ಮರ. ಎಷ್ಟು ಹುಡುಕಿದರೂ ಅವುಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಊರಿಗೆ ಊರೇ ಎಲ್ಲೋ ಮದುವೆಗೆ ಹೋದಂತಿತ್ತು.

ಮಾಸ್ತರರಿಗೆ ಕಣ್ಣಿನ ತೊಂದರೆ ಇತ್ತು. ನೋಟ ಸುತ್ತಲಿನಿಂದ ಕಿರಿದಾಗುತ್ತ ಬಂದು, ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಕಾಣುತ್ತಿತ್ತು. ಹೋದದ್ದು ತಿರುಗಿ ಬರುವುದಿಲ್ಲ, ತಪ್ಪದೆ ಔಷಧ ಹಾಕಿಕೊಂಡರೆ ಉಳಿದದ್ದು ಉಳಿಯುತ್ತದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಮಾಸ್ತರರು ಆ ಮಾತಿನ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡು ಬಂದಿದ್ದರು. ಔಷಧದ ಸೀಸೆ ಕಿಟಕಿಯಲ್ಲಿ ಧೂಳು ತಿನ್ನುತ್ತಿತ್ತು. ಕುಂಚಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡುವ ಮಾತು ಆಡುತ್ತಿದ್ದರು.

ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಅವರು ದೊಡ್ಡದೊಂದು ಚಿತ್ರಗಳ ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಅತ್ತಿತ್ತ ಸರಿಸುತ್ತಿದ್ದರು. ಚೂರು ಚೂರು ಕಾಣುತ್ತದೆ, ಪೂರ್ತಿ ಕೂಡಿಬರುವುದಿಲ್ಲ, ಇದರಲ್ಲಿ ಏನಿದೆ ಸ್ವಲ್ಪ ಹೇಳು ಎಂದರು. ನಾನು ನೋಡಿ, ಕಿಟಕಿಯ ಹತ್ತಿರ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ, ಚಂದ ಇದೆ ಎಂದೆ. ಅಷ್ಟು ಹೇಳಿ ಮಾಳಿಗೆ ಹತ್ತಬಹುದೆಂದು ನನ್ನ ಲೆಕ್ಕ.

"ಚಂದ ಅನ್ನೂದು ಕಡೀಕ, ತಂಗಿ. ಮೊದಲ ಏನೈತಿ ಅದನ್ನ ಹೇಳು" ಎಂದರು.

ಬೆಳಕು ಯಾವ ಕಡೆಯಿಂದ ಬರುತ್ತಿದೆ? ಆಕೆಯ ಭಾರ ಯಾವ ಕಾಲಿನ ಮೇಲಿದೆ? ಕೈ ಸುಮ್ಮನೆ ಇಳಿಬಿದ್ದಿದೆಯೋ, ಏನನ್ನಾದರೂ ಬಿಡಲಾರದೆ ಹಿಡಿದಿದೆಯೋ? ಒಂದೊಂದಕ್ಕೂ ನಾನು ತಿರುಗಿ ನೋಡಬೇಕಾಯಿತು. ನೋಡಿದಷ್ಟೂ ಮೊದಲು ಕಾಣದೇ ಇದ್ದದ್ದು ಕಾಣತೊಡಗಿತು. ಅಂದಿನಿಂದ ಸಂಜೆಯ ಚಹಾದ ಜೊತೆ ಇದೇ ನಮ್ಮ ರೂಢಿಯಾಯಿತು. ನಾನು ಕಂಡದ್ದನ್ನು ಹೇಳುವುದು, ಅವರು ಅದರ ಅರ್ಥ ಹೇಳುವುದು. ಮೆಣಸಿನಕಾಯಿಯ ಊರಿನವಳಾದ ನನಗೆ ಕೆಂಪಿನಲ್ಲಿ ಹತ್ತೆಂಟು ಬಗೆ ಗೊತ್ತಿತ್ತು. ಉಳಿದ ಬಣ್ಣಗಳೆಲ್ಲ ನನ್ನ ಬಾಯಲ್ಲಿ 'ಒಂದು ನಮೂನಿ ಹಸಿರು', 'ಒಂದು ನಮೂನಿ ನೀಲಿ' ಆಗುತ್ತಿದ್ದವು. ಮಾಸ್ತರರು ಅದಕ್ಕೆ ನಗುತ್ತಿದ್ದರು. ಅವರು ನಕ್ಕರೆ ಒಳಗಿನಿಂದ ಶಾಂತಕ್ಕ ಬಾಗಿಲವರೆಗೆ ಬಂದು ನೋಡಿ ಹೋಗುತ್ತಿದ್ದರು.

ಒಂದು ಭಾನುವಾರ ಮಾಸ್ತರರು, ಅಲ್ಮಾರಿಯ ಹಿಂದೆ ಗೋಡೆಗೆ ಮುಖ ಮಾಡಿ ಒಂದು ಚಿತ್ರ ಇಟ್ಟಿದ್ದೇನೆ, ತೆಗೆ ಎಂದರು. ಧೂಳು ಒರೆಸಿ ಬೆಳಕಿಗೆ ಹಿಡಿದೆ. ಹತ್ತಿರದ ಐರಣಿ ಎಂಬ ಹಳ್ಳಿಯ ಹೊಳೆದಂಡೆ. ಬಂಡೆಯ ಮೇಲೆ ಕೂತ ಎಳೆಯ ಹೆಂಗಸು, ಕೆಂಪು ಸೀರೆ. ಚಿತ್ರ ಬರೆಯುವವನನ್ನು ಬಿಟ್ಟು ಅವನ ಹಿಂದೆ ಎಲ್ಲೋ ನೋಡುತ್ತಿದ್ದಾಳೆ. ತುಟಿ ಬಿಗಿದಿದೆ, ಮುಷ್ಟಿಯಲ್ಲಿ ಸೆರಗಿನ ತುದಿ. ಆಕೆ ಶಾಂತಕ್ಕ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಆಕಿ ಮುಖದಾಗ ಏನೈತಿ?" ಎಂದು ಕೇಳಿದವರು, ನಾನು ಬಾಯಿ ತೆರೆಯುವ ಮೊದಲೇ ತಾವೇ ಉತ್ತರ ಹೇಳಿದರು. "ಅಲ್ಲಿರೂದು ಸಿಟ್ಟು. ಸಿಟ್ಟಲ್ಲಂದ್ರ ದುಃಖ."

ಆಮೇಲೆ ದನಿ ತಗ್ಗಿಸಿ ಅಂದಿನದನ್ನು ಹೇಳಿದರು. ಮದುವೆಯಾದ ಹೊಸತರಲ್ಲಿ ಬುತ್ತಿ ಕಟ್ಟಿಸಿಕೊಂಡು ಹೆಂಡತಿಯನ್ನು ಐರಣಿಗೆ ಕರೆದೊಯ್ದಿದ್ದರಂತೆ. ಅಲುಗಾಡಬೇಡ ಎಂದು ಹೇಳಿ ಬಿಸಿಲಿನಲ್ಲಿ ಕೂರಿಸಿದ್ದರು. ಆಕೆ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲವೆಂದು ಬುತ್ತಿಯ ಗಂಟನ್ನೇ ಬಿಚ್ಚಲಿಲ್ಲ. ಮನೆಗೆ ಬಂದು ಚಿತ್ರ ನೋಡಿದಾಗ ಮಾಸ್ತರರಿಗೆ ಎಲ್ಲ ತಿಳಿದಂತಾಯಿತು. ಕಣ್ಣಿಗೆ ತಿಳಿಯದ್ದು ಕೈಗೆ ತಿಳಿದಿತ್ತು; ಈ ಹುಡುಗಿಗೆ ತಾನು ಬೇಡವಾಗಿದ್ದೇನೆ. ಆಮೇಲೆ ಅವರು ಯಾರ ಮುಖವನ್ನೂ ಬರೆಯಲಿಲ್ಲ.

ನಾನು ಚಿತ್ರವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದೆ. ಅವರೇ ಕಲಿಸಿದಂತೆ ಇನ್ನೊಮ್ಮೆ ನೋಡಿದೆ. ಕೆನ್ನೆ ಮೇಲಕ್ಕೇರಿತ್ತು. ಕೆಳಗಿನ ರೆಪ್ಪೆ ಉಬ್ಬಿ ಕಣ್ಣು ಕಿರಿದಾಗಿತ್ತು. ಕಣ್ಣಿನ ಪಕ್ಕ ಒಂದು ಸಣ್ಣ ಗೆರೆ.

"ಸಿಟ್ಟು ಬಂದವರ ಗಲ್ಲ ಹಿಂಗ ಏರೂದಿಲ್ರಿ, ಸರ. ತುಟಿ ಬಿಗಿ ಹಿಡದಾರ ಖರೆ, ಆದ್ರ ಕಣ್ಣು ನಗಾಕತ್ತಾವು."

ಸಮಾಧಾನಕ್ಕೆ ಹೇಳಬೇಡ ಎಂದರು. ಬರೆದವರು ನೀವು, ನಾನು ಕಂಡದ್ದನ್ನಷ್ಟೇ ಹೇಳುತ್ತಿದ್ದೇನೆ ಎಂದೆ. ಅಷ್ಟರಲ್ಲಿ ಬಾಗಿಲಲ್ಲಿ ಶಾಂತಕ್ಕ ನಿಂತಿದ್ದರು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ.

"ನಿಮ್ಮ ಬೆನ್ನ ಹಿಂದ ಒಂದು ಆಡು ಬಂದು ಬುತ್ತಿ ಗಂಟಿಗೆ ಬಾಯಿ ಹಾಕಿ ರೊಟ್ಟಿ ತಿನ್ನಾಕತ್ತಿತ್ತು" ಎಂದರು. "ನೀವು ನೋಡಿದ್ರ ಅಲಗಾಡಬ್ಯಾಡ ಅಂದಿದ್ರಿ."

ಮಾಸ್ತರರು ದನಿ ಬಂದ ಕಡೆ ತಿರುಗಿದರು. "ಮತ್ತ ಹಸಿವಿಲ್ಲ ಅಂದಿ?"

"ಗಂಟಿನ್ಯಾಗ ಏನು ಉಳದಿತ್ರಿ, ಬಿಚ್ಚಾಕ? ಹೊಸಾಕಿ ಇದ್ನಿ. ಒಂದು ಬುತ್ತಿ ಕಾಯಾಕ ಬರೂದಿಲ್ಲೇನು ಅಂತೀರಿ ಅಂತ ಅಂಜಿದ್ನಿ."

ನನಗೆ ನಗು ಉಕ್ಕಿ ಬಂತು. ಅವರಿಬ್ಬರೂ ನಗುತ್ತಿಲ್ಲವೆಂದು ಕಂಡು ಅಲ್ಲಿಯೇ ನುಂಗಿಕೊಂಡೆ. ಶಾಂತಕ್ಕ ಸೆರಗಿನಿಂದ ಚಿತ್ರದ ಅಂಚು ಒರೆಸಿದರು. ಒರೆಸುತ್ತಲೇ, ತಲೆ ಎತ್ತದೆ ಕೇಳಿದರು.

"ನನ್ನ ರೂಪ ನಿಮಗ ಸೇರಲಿಲ್ಲ, ಅದಕ್ಕ ಗ್ವಾಡಿಗೆ ಮುಖಾ ಮಾಡಿ ಇಟ್ರಿ ಅಂತ ಇಷ್ಟು ವರ್ಷ ತಿಳಕೊಂಡಿದ್ನಿ. ಹಂಗಲ್ಲೇನು?"

ಮಾಸ್ತರರು ಕೈ ಚಾಚಿ ಚಿತ್ರವನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಉಳಿದ ಆ ಚೂರು ನೋಟವನ್ನು ಕೆನ್ನೆಯ ಮೇಲೆ, ಕಣ್ಣಿನ ಮೇಲೆ, ಮತ್ತೆ ಕೆನ್ನೆಯ ಮೇಲೆ ನಿಧಾನವಾಗಿ ಸರಿಸುತ್ತ ಹೋದರು. ನಾನು ಒಣಹಾಕಿದ ಬಟ್ಟೆ ತರುವ ನೆವ ಮಾಡಿ ಮಾಳಿಗೆ ಹತ್ತಿದೆ. ಅಲ್ಲಿ ನನ್ನದೊಂದೂ ಬಟ್ಟೆ ಇರಲಿಲ್ಲ.

ಮರುದಿನ ಸಂಜೆ ನಾನು ಬರುವಷ್ಟರಲ್ಲಿ ಐರಣಿಯ ಚಿತ್ರ ಪಡಸಾಲೆಯ ಗೋಡೆಗೆ ಬಂದಿತ್ತು. ಔಷಧದ ಹೊಣೆಯನ್ನು ಶಾಂತಕ್ಕ ತಮ್ಮ ಕೈಗೆ ತೆಗೆದುಕೊಂಡರು. ಕೆಲವು ದಿನಗಳಲ್ಲಿ ಮಾಸ್ತರರು ದೊಡ್ಡ ಹಾಳೆ ಮತ್ತು ಇದ್ದಿಲು ಕಡ್ಡಿ ತರಿಸಿದರು. ಹೆಂಡತಿಯನ್ನು ಎದುರಿಗೆ ಕೂರಿಸಿ, ಒಂದು ಸಲಕ್ಕೆ ಕಂಡಷ್ಟನ್ನೇ ಬರೆದು, ಪಕ್ಕದಲ್ಲಿ ಇನ್ನಷ್ಟನ್ನು ಜೋಡಿಸುತ್ತ ಹೋಗುತ್ತಿದ್ದರು. ಎಲ್ಲಿ ತಪ್ಪಿತೆಂದು ಹೇಳುವುದು ನನ್ನ ಕೆಲಸ. ಮುಂದೆ ನಾನು ಮದುವೆಯಾಗಿ ಹಾವೇರಿಗೆ ಬಂದೆ. ಮೊದಮೊದಲು ಹೋಗಿಬರುತ್ತಿದ್ದೆ. ಆಮೇಲೆ ಅದು ಬರೀ ಹಬ್ಬದ ಫೋನಾಯಿತು, ಕ್ರಮೇಣ ಅದೂ ತಪ್ಪಿತು.

ನಿನ್ನೆ ಬಣ್ಣದವರು ಊಟಕ್ಕೆ ಎದ್ದಾಗ ಫೋನು ಹಚ್ಚಿದೆ. ಶಾಂತಕ್ಕನೇ ಎತ್ತಿದರು. ಉಳಿದ ನೋಟ ಇನ್ನೂ ಉಳಿದಿದೆ ಎಂದರು. "ಗ್ವಾಡಿ ತುಂಬ ಈಗ ನಂದ ಮುಖ. ಒಂದರಾಗ ಕಿವಿ ಗಲ್ಲದ ಮ್ಯಾಲೆ ಬಂದೈತಿ, ಇನ್ನೊಂದರಾಗ ಮೂಗ ಇಲ್ಲ. ಆದ್ರೂ ಇನ್ನೊಮ್ಮೆ ಕುಂದ್ರು ಅಂತಾರ, ನಾ ಕುಂದ್ರತೇನಿ. ನೀ ಬಂದು ನೋಡಿ ಹೇಳು."

ಭಾನುವಾರ ಬರುತ್ತೇನೆ ಎಂದು ಮಾತು ಕೊಟ್ಟು ಫೋನು ಇಟ್ಟೆ. ಎದುರಿಗೆ ನನ್ನ ಗಂಡ ಪೇಪರನ್ನು ದೂರ ಹಿಡಿದು, ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದರು. ಬೆಳಗಿನಿಂದಲೂ ಅದೇ ಮುಖ. ನನ್ನ ಮೇಲೇ ಏನೋ ಸಿಟ್ಟಿರಬೇಕೆಂದು ನಾನೂ ಬೆಳಗಿನಿಂದ ಮಾತು ಬಿಟ್ಟಿದ್ದೆ. ಈಗ ಹತ್ತಿರ ಹೋಗಿ ಕೂತು, ಏನಾಯಿತು ಎಂದು ಕೇಳಿದೆ.

"ಪೇಪರ ಓದೂ ಚಾಳೀಸು ಎಲ್ಲಿಟ್ಟೇನಿ ತಿಳೀವಲ್ದು" ಎಂದರು. "ನಿನ್ನ ಕೇಳೂಣಂದ್ರ, ನೀನ ಸಿಟ್ಟಿನ್ಯಾಗಿದ್ದಂಗ ಕಾಣಿಸ್ತು."