ಕೂಸಿನಪ್ಪ ಸ್ವಾಮಿ ಯಾವ ಊರಿನ ದೇವರು?

ನಮ್ಮತ್ತೆ ಹಾಡು ಕದ್ದಿದ್ದಾರೆ ಎಂದು ಒಂದು ಬೆಳಗ್ಗೆ ನನ್ನ ಫೋನಿಗೆ ಇಂಗ್ಲಿಷಿನಲ್ಲಿ ಸುದ್ದಿ ಬಂತು. ಶ್ರೀನಿವಾಸಪುರ ತಾಲ್ಲೂಕಿನ ಗಡಿ ಊರು ನಮ್ಮದು. ಅತ್ತೆಯ ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ, ಇಂಗ್ಲಿಷಿನ ಗೊಡವೆಯೇ ಅವರಿಗಿಲ್ಲ. ಅವರನ್ನು ಮಾವಿನ ತೋಪಿನಲ್ಲಿ ಕೂರಿಸಿ, ಮದುವೆ ಹಾಡುಗಳನ್ನು ವಿಡಿಯೋ ಮಾಡಿ ಇಂಟರ್ನೆಟ್ಟಿಗೆ ಹಾಕುತ್ತಿದ್ದವಳು ಸೊಸೆಯಾದ ನಾನು. ಕೋಲಾರದ ಕಾಲೇಜೊಂದರ ಗ್ರಂಥಾಲಯದಲ್ಲಿ ನನಗೆ ಕೆಲಸ. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವರನ್ನು ಕಂಡರೆ ಮೈ ಉರಿಯುತ್ತದೆ. ಹಾಡನ್ನೂ ಯಾರು ಬೇಕಾದರೂ ಕೇಳಲಿ, ಕಲಿಯಲಿ ಎಂದೇ ಹಾಕಿದ್ದೆ.

ದೇವರನ್ನು ಹಸೆಗೆ ಕರೆಯುವ ಹಾಡು ಒಂದು ಆಡಿಯೋ ಕಂಪನಿಯ ಸ್ವತ್ತಂತೆ. ಅನುಮತಿಯಿಲ್ಲದೆ ಹಾಕಿದ್ದೀರಿ, ತೆಗೆದಿದ್ದೇವೆ, ಮತ್ತೆ ಮತ್ತೆ ಹೀಗಾದರೆ ಚಾನೆಲ್ಲೇ ಇರುವುದಿಲ್ಲ ಎಂದಿತ್ತು. ಅತ್ತೆಗೆ ಹೇಳುವುದು ಬೇಡ ಎಂದುಕೊಂಡೆ. ಆದರೆ ವಿಡಿಯೋ ಇದ್ದ ಜಾಗದಲ್ಲಿ ಕಂಪನಿಯ ಹೆಸರು ಕಂಡ ಊರಿನವರು ಸುಮ್ಮನಿರುತ್ತಾರೆಯೇ? ಹಾಲಿನ ಡೇರಿಯ ಹತ್ತಿರ ಯಾರೋ ನಗುತ್ತಾ ಕೇಳಿಯೇಬಿಟ್ಟರು.

"ಏನೇ, ನಾನು ದೊಂಗಾನಾ?" ಎನ್ನುತ್ತಲೇ ಅತ್ತೆ ಮನೆಯೊಳಗೆ ಬಂದರು. ದೊಂಗ ಎಂದರೆ ತೆಲುಗಿನಲ್ಲಿ ಕಳ್ಳ. "ನಮ್ಮತ್ತೆ ಹೇಳ್ಕೊಟ್ಟಿದ್ದು ಕಣೇ ಅದು. ಆ ಕಂಪನಿಯೋರು ನಮ್ಮತ್ತೆಗೆ ಏನಾಗ್ಬೇಕು?"

ಅದೇ ವಾರ ಆವನಿಯಲ್ಲಿ ನೆಂಟರ ಮದುವೆ. ಹಸೆಯ ಮುಂದೆ ಹೆಂಗಸರೆಲ್ಲ ಎಷ್ಟು ಕರೆದರೂ ಅತ್ತೆ ಗಂಟಲು ಸರಿಯಿಲ್ಲವೆಂದು ಬಾಯಿಗೆ ಸೆರಗು ಅಡ್ಡ ಹಿಡಿದು ಕೂತುಬಿಟ್ಟರು. ಅವರು ಹಾಡದ ಹಸೆಯನ್ನು ನಾನು ಕಂಡಿದ್ದು ಅದೇ ಮೊದಲು. ಖಾಲಿ ಬಿದ್ದ ಜಾಗಕ್ಕೆ ಡೀಜೆಯವನು ಯಾವುದೋ ಸಿನಿಮಾ ಹಾಡು ತುಂಬಿದ. ನನಗೆ ಅಳು ಬಂತು, ಅದರ ಹಿಂದೆಯೇ ಕೆಟ್ಟ ಸಿಟ್ಟೂ ಬಂತು. ಈ ಹೆಂಗಸು ಇನ್ನು ಹಾಡುವುದೇ ಇಲ್ಲವೇನೋ ಅನ್ನಿಸಿ ಊಟವೂ ಸೇರಲಿಲ್ಲ.

ತಕರಾರು ಹಾಕಲು ದಾರಿಯಿತ್ತು. ಆದರೆ ಪೂರ್ತಿ ಹೆಸರು, ಮನೆ ವಿಳಾಸ, ಫೋನ್ ನಂಬರು ಕೊಡಬೇಕು, ಅದೆಲ್ಲ ಆ ಕಂಪನಿಯವರ ಕೈಗೂ ಹೋಗುತ್ತದೆ ಎಂದಿತ್ತು. ಕದ್ದಿಲ್ಲ ಎಂದು ಹೇಳಲು ನಮ್ಮ ಮನೆಯ ಗುಟ್ಟನ್ನೆಲ್ಲ ಬಿಚ್ಚಿಡಬೇಕು, ಇದೊಳ್ಳೆ ನ್ಯಾಯ! "ದೊಡ್ಡೋರ ಸಹವಾಸ ನಮಗ್ಯಾಕೆ, ಬಿಟ್ಟುಬಿಡು" ಎಂದರು ನನ್ನ ಗಂಡ. ನಾನು ಮೀನಮೇಷ ಎಣಿಸುತ್ತಾ, ಅವರು ತಮ್ಮದು ಎನ್ನುವ ಹಾಡನ್ನಾದರೂ ಕೇಳೋಣವೆಂದು ಅತ್ತೆಯ ಎದುರಿಗೇ ಹಾಕಿದೆ.

ಕೀಬೋರ್ಡು, ಡ್ರಮ್ಮು, ನಡುವೆ ಒಂದು ನಯವಾದ ಹೆಣ್ಣು ದನಿ: "ಕೂಸಿನಪ್ಪ ಬಂದಾನೆ, ಹಸೆಗೆ ದಾರಿ ಬಿಡಿರೇ..."

"ಅಯ್ಯೋ ದೇವುಡಾ!" ಅತ್ತೆ ಕೂತಲ್ಲೇ ಹಾರಿಬಿದ್ದರು. "ನಮ್ಮನೆಯೋರ್ನ ಯಾಕೇ ಕರೀತವ್ಳೆ ಇವ್ಳು?"

ಅತ್ತೆ ಗಂಡನ ಹೆಸರು ಹೇಳುವವರಲ್ಲ. ಮಾವನದೋ ಬೆಟ್ಟದ ದೇವರ ಹೆಸರು, ಆ ಹಾಡಿನಲ್ಲಿ ಕರೆಯಬೇಕಾದದ್ದೂ ಅದೇ ದೇವರನ್ನು. ಹಾಗಾಗಿ ಮಗ ಹುಟ್ಟಿದಾಗಿನಿಂದ ಆ ಜಾಗದಲ್ಲಿ ಅತ್ತೆ 'ಕೂಸಿನಪ್ಪ' ಎಂದು ಹಾಡಿಕೊಂಡು ಬಂದಿದ್ದಾರೆ, ಮಾವನನ್ನು ಮನೆಯಲ್ಲಿ ಕರೆಯುವುದೂ ಹಾಗೆಯೇ. ಆ ಕೂಸು ಈಗ ತಲೆ ನರೆತಿರುವ ನನ್ನ ಗಂಡ. ಹಿಂದೊಮ್ಮೆ ಯಾರೋ ಜಾನಪದ ಸಂಗ್ರಹವೆಂದು ಮೈಕು ಹಿಡಿದು ಬಂದು, ಅತ್ತೆಯಿಂದ ಹಾಡಿಸಿಕೊಂಡು, ಕಾಫಿ ಕುಡಿದು ಹೋಗಿದ್ದರು. ಹಾಡು ಅವರ ಮೂಲಕ ಕಂಪನಿ ಸೇರಿ 'ಶ್ರೀ ಕೂಸಿನಪ್ಪ ಸ್ವಾಮಿ ಭಕ್ತಿಗೀತೆ' ಆಗಿತ್ತು. ಮೀಸೆ, ಕಿರೀಟ, ಪ್ರಭಾವಳಿ ಸಮೇತ ದೇವರ ಚಿತ್ರವನ್ನೂ ಬರೆಸಿದ್ದರು. ಮಾವ ಅದನ್ನು ನೋಡಿ ತಮ್ಮ ಬೋಳು ತಲೆ ಸವರಿಕೊಂಡು, "ಕಿರೀಟ ಚೆನ್ನಾಗೈತೆ" ಎಂದರು.

ನಾನು ರಜೆ ಹಾಕಿ ಮುಳಬಾಗಿಲು, ಮಾಲೂರು, ವೇಮಗಲ್ ಕಡೆಯ ನೆಂಟರ ಮನೆಗಳಿಗೆಲ್ಲ ಹೋಗಿ, ಅಲ್ಲಿನ ಹೆಂಗಸರಿಂದ ಅದೇ ಹಾಡನ್ನು ಹಾಡಿಸಿ ರೆಕಾರ್ಡ್ ಮಾಡಿಕೊಂಡೆ. ಧಾಟಿ ಒಂದೊಂದು ಕಡೆ ಒಂದೊಂದು ಥರ, ಕೆಲವು ಕಡೆ ಅರ್ಧಕ್ಕರ್ಧ ತೆಲುಗು. ಆದರೆ ಎಲ್ಲರೂ ದೇವರ ಹೆಸರನ್ನೇ ಚೊಕ್ಕವಾಗಿ ಹಾಡಿದರು, ಕೂಸಿನಪ್ಪ ಎಂದವರು ಒಬ್ಬರೂ ಇಲ್ಲ. ವಿಳಾಸ ಕೊಡಬೇಕಾಗುತ್ತದೆ ಎಂದಾಗ ಅತ್ತೆ, "ಕೊಡೇ, ಬರ್ಲಿ. ಹೋದ್ಸಾರಿ ಕಾಫಿ ಕೊಟ್ಟೆ, ಈ ಸಾರಿ ಮುಖಕ್ಕೆ ಮುಖ ಕೊಟ್ಟು ಕೇಳ್ತೀನಿ" ಎಂದರು. ಎಲ್ಲವನ್ನೂ ವಿವರಿಸಿ ಬರೆದು, ರೆಕಾರ್ಡಿಂಗುಗಳನ್ನು ಸೇರಿಸಿ, ಕೊನೆಗೊಂದು ಪ್ರಶ್ನೆ ಕೇಳಿದೆ: ಕೂಸಿನಪ್ಪ ಸ್ವಾಮಿ ಯಾವ ಊರಿನ ದೇವರು, ಗುಡಿ ಎಲ್ಲಿದೆ, ದಯವಿಟ್ಟು ತಿಳಿಸಿ.

ತಿಳಿಸಲಿಲ್ಲ. ತಮ್ಮ ಹಕ್ಕು ಎಂದು ಕೂಗಿದವರು ತೆಪ್ಪಗೆ ಅದನ್ನು ವಾಪಸು ತೆಗೆದುಕೊಂಡರು, ಭಕ್ತಿಗೀತೆಯೂ ಮಂಗಮಾಯವಾಯಿತು. ಅತ್ತೆಯ ವಿಡಿಯೋ ಮತ್ತೆ ಕಾಣಿಸಿದ ಸಂಜೆ ನಾನು ಮುದ್ದೆ ಕೋಲು ಹಿಡಿದುಕೊಂಡೇ ಅಡುಗೆಮನೆಯಲ್ಲಿ ಕುಣಿದುಬಿಟ್ಟೆ. ಗೆದ್ದ ಅಮಲು ನೆತ್ತಿಗೇರಿತ್ತು. "ಅತ್ತೆ, ಇನ್ಮೇಲೆ ಹಕ್ಕು ನಿಮ್ಮ ಹೆಸರಿಗೇ ಮಾಡ್ಸೋಣ. ಯಾರೂ ಮುಟ್ಟೋ ಹಂಗಿರ್ಬಾರ್ದು" ಎಂದೆ.

"ಹಂಗಾದ್ರೆ ಅವ್ರಿಗೂ ನಮ್ಗೂ ಏನೇ ವ್ಯತ್ಯಾಸ?" ಎಂದರು ಅತ್ತೆ.

ಯಾರು ಬೇಕಾದರೂ ಹಾಡಬಹುದು, ಹಂಚಬಹುದು ಎಂದು ವಿಡಿಯೋಗೆ ಹಾಕುವ ಗುರುತನ್ನು ನನ್ನ ಫೋನಿನಲ್ಲಿ ಅವರ ಬೆರಳಿನಿಂದಲೇ ಒತ್ತಿಸಿದೆ. ಗೆಲುವು ನಿಜಕ್ಕೂ ಸಿಕ್ಕಿದ್ದು ಆಗ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮೊನ್ನೆ ಮಾಲೂರಿನಿಂದ ಗುರುತಿಲ್ಲದ ಹುಡುಗಿಯೊಬ್ಬಳು ಫೋನು ಮಾಡಿದ್ದಳು. ಅಕ್ಕನ ಮದುವೆಯಲ್ಲಿ ಈ ಹಾಡು ಹಾಡಬೇಕಂತೆ, ಅದಕ್ಕೆ ವಿಡಿಯೋದಲ್ಲಿ ಹಾಡಿದ ಅಜ್ಜಿಯ ಅಪ್ಪಣೆ ಬೇಕಂತೆ. ನಾನು ಫೋನನ್ನು ಅತ್ತೆಯ ಕೈಗೆ ಕೊಟ್ಟೆ.

"ಅಪ್ಪಣೆ ಯಾತಕ್ಕಮ್ಮ?" ಎಂದರು. "ನಾನು ಸತ್ಮೇಲೆ ಯಾರ್ನ ಕೇಳ್ತೀಯ? ಬಾ, ಈಗ್ಲೇ ಕಲ್ತ್ಕೊ." ಎಂದವರೇ ಕಾಲು ಮಡಚಿ ಕೂತು, ಗಂಟಲು ಸರಿಮಾಡಿಕೊಂಡು, ಬೀದಿಗೆಲ್ಲ ಕೇಳುವಂತೆ ಮೊದಲ ಸಾಲಿನಿಂದ ಶುರು ಮಾಡಿದರು.